ಒಂದು ಶಿರ, ಒಂದು ಪುಚ್ಛ: ಉತ್ತರ 1/3 ಯಾಕಲ್ಲ?

ಪ್ರಶ್ನೆ: ನನ್ನ ಮಗಳು 10ನೇ ತರಗತಿಯಲ್ಲಿದ್ದಾಳೆ. ಕಿರುಪರೀಕ್ಷೆಯಲ್ಲಿ "ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದಾಗ ಒಂದು ಶಿರ, ಒಂದು ಪುಚ್ಛ ಬೀಳುವ ಸಂಭವನೀಯತೆ ಎಷ್ಟು?" ಎಂದು ಕೇಳಿದ್ದರು. ಅವಳು 1/3 ಎಂದು ಬರೆದಳು, ತಪ್ಪು ಬಂತು. ನನಗೂ 1/3 ಸರಿ ಅಂತಲೇ ಕಾಣುತ್ತದೆ. ಎರಡೂ ಶಿರ, ಎರಡೂ ಪುಚ್ಛ, ಒಂದೊಂದು. ಮೂರೇ ಅಲ್ವಾ? ಈ ಪಾಠದಲ್ಲಿ ಯಾವಾಗ ಕೂಡಬೇಕು, ಯಾವಾಗ ಗುಣಿಸಬೇಕು ಎಂಬುದೂ ಅವಳಿಗೆ ಗೊಂದಲ. ನಾನು ಬಿ.ಎ. ಓದಿದವಳು, ಗಣಿತ ಬಿಟ್ಟು 20 ವರ್ಷವಾಯಿತು. ಪಕ್ಕದಲ್ಲಿ ಕೂತು ಹೇಳಿಕೊಡುವಷ್ಟು ನನಗೆ ಅರ್ಥವಾಗಬೇಕು. ಮೊದಲಿನಿಂದ ಹೇಳುತ್ತೀರಾ?

ಉತ್ತರ: ಸರಿಯಾದ ಉತ್ತರ 1/2. ಆದರೆ ಮಗಳನ್ನು ಬೈಯಬೇಡಿ. ಅವಳು ಎಡವಿದ ಜಾಗದಲ್ಲೇ ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಾಂಬೇರ್ ಕೂಡ ಎಡವಿದ್ದ, ಅದೂ 1754ರಲ್ಲಿ ಅಚ್ಚಾದ ವಿಶ್ವಕೋಶದ ಸಂಪುಟದಲ್ಲಿ. ಅವನ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಮಗಳದ್ದು.

ಮನೆಯಲ್ಲಿರುವ ಒಂದು ರೂಪಾಯಿಯ ನಾಣ್ಯ ಒಂದು, ಐದು ರೂಪಾಯಿಯ ನಾಣ್ಯ ಒಂದು ತೆಗೆದುಕೊಳ್ಳಿ. ಎರಡನ್ನೂ ಒಟ್ಟಿಗೆ ಚಿಮ್ಮಿ. ಏನೇನು ಬೀಳಬಹುದು? ಒಂದು ರೂಪಾಯಿ ಶಿರ, ಐದು ರೂಪಾಯಿ ಶಿರ. ಒಂದು ಶಿರ, ಐದು ಪುಚ್ಛ. ಒಂದು ಪುಚ್ಛ, ಐದು ಶಿರ. ಎರಡೂ ಪುಚ್ಛ. ನಾಲ್ಕು ಬಗೆ. ಇದರಲ್ಲಿ "ಒಂದು ಶಿರ, ಒಂದು ಪುಚ್ಛ" ಇರುವುದು ಎರಡು ಕಡೆ. 2/4, ಅಂದರೆ 1/2.

ಈಗ ಐದು ರೂಪಾಯಿಯನ್ನು ತೆಗೆದಿಟ್ಟು ಎರಡೂ ಒಂದು ರೂಪಾಯಿಯ ನಾಣ್ಯಗಳನ್ನೇ ಚಿಮ್ಮಿ. ನೋಡುವವರಿಗೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಅದಕ್ಕೇ ಮೂರು ಬಗೆ ಎನಿಸುತ್ತದೆ. ಆದರೆ ನಮಗೆ ಗುರುತು ಸಿಗಲಿಲ್ಲ ಎಂದು ನಾಣ್ಯ ಬೀಳುವ ರೀತಿ ಬದಲಾಗುತ್ತದಾ? ಒಂದಕ್ಕೆ ಪೆನ್ನಿನಿಂದ ಚುಕ್ಕೆ ಇಟ್ಟು ನೋಡಿ, ಮತ್ತೆ ನಾಲ್ಕು ಬಗೆ ಕಾಣುತ್ತದೆ. ಚುಕ್ಕೆ ಅಳಿಸಿದರೂ ಆ ನಾಲ್ಕು ಅಲ್ಲೇ ಇರುತ್ತದೆ. ನನ್ನ ತರಗತಿಯಲ್ಲಿ ಈ ಚುಕ್ಕೆಯ ಮಾತು ಆದ ಮೇಲೇ ಮಕ್ಕಳ ಮುಖ ಅರಳುತ್ತಿತ್ತು.

ನಂಬಿಕೆ ಬರದಿದ್ದರೆ ಸುಮ್ನೆ 40 ಸಲ ಚಿಮ್ಮಿ, ಗೀಟು ಹಾಕುತ್ತಾ ಹೋಗಿ. ಎರಡೂ ಶಿರ ಸುಮಾರು 10, ಎರಡೂ ಪುಚ್ಛ ಸುಮಾರು 10, ಒಂದೊಂದು ಸುಮಾರು 20ರ ಆಸುಪಾಸು ಬರುತ್ತದೆ. ಕರಾರುವಾಕ್ಕಾಗಿ ಅಷ್ಟೇ ಬರಬೇಕೆಂದೇನಿಲ್ಲ, 17 ಬಂದರೂ 23 ಬಂದರೂ ಗಾಬರಿ ಬೇಡ. ಮೂರೂ 13, 13, 14 ಎಂದು ಸಮವಾಗಿ ಹಂಚಿಕೊಳ್ಳುವುದು ಅಪರೂಪ. ಇದನ್ನು ಮಗಳ ಕೈಯಲ್ಲೇ ಮಾಡಿಸಿ. ಹತ್ತು ನಿಮಿಷದ ಕೆಲಸ.

ಈ ಪಾಠದ ಜೀವಾಳ ಇಲ್ಲೇ ಇದೆ. ಪಟ್ಟಿಯಲ್ಲಿ ಮೂರು ಸಾಲು ಇದೆ ಎಂದ ಮಾತ್ರಕ್ಕೆ ಮೂರಕ್ಕೂ ಒಂದೇ ತೂಕ ಎಂದಲ್ಲ. ಕಣದಲ್ಲಿ ಮೂರು ರಾಶಿ ಇದ್ದರೆ ಮೂರರಲ್ಲೂ ಅಷ್ಟಷ್ಟೇ ರಾಗಿ ಇರುತ್ತದೆ ಎಂದು ಯಾರೂ ಹೇಳುವುದಿಲ್ಲ. "ನಾಳೆ ಮಳೆ ಬರುತ್ತೆ, ಇಲ್ಲಾ ಬರಲ್ಲ. ಎರಡೇ. ಹಾಗಾಗಿ 1/2" ಎನ್ನುವವರಿದ್ದಾರೆ. ಹಾಗಾದರೆ ಜುಲೈ ತಿಂಗಳ ಆಗುಂಬೆಗೂ ಜನವರಿ ತಿಂಗಳ ವಿಜಯಪುರಕ್ಕೂ ಒಂದೇ ಉತ್ತರ ಆಗಬೇಕಾಗುತ್ತದೆ.

ಪಠ್ಯಪುಸ್ತಕದ ಸೂತ್ರ ನಿಮಗೆ ಗೊತ್ತಿರಬಹುದು: ಅನುಕೂಲಕರ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸು. ಸೂತ್ರ ಸರಿಯೇ. ಆದರೆ ಅದರ ಹಿಂದೆ ಒಂದು ಷರತ್ತಿದೆ. ಆ ಫಲಿತಗಳೆಲ್ಲ ಸಮಸಂಭವ ಆಗಿರಬೇಕು, ಅಂದರೆ ಪ್ರತಿಯೊಂದಕ್ಕೂ ಬೀಳುವ ಅವಕಾಶ ಒಂದೇ ಸಮ ಇರಬೇಕು. ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡುತ್ತಾರೆ, ಷರತ್ತನ್ನು ಬಿಡುತ್ತಾರೆ. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಅಂಶ, ಅಂದರೆ ಭಿನ್ನರಾಶಿಯ ಮೇಲಿನ ಸಂಖ್ಯೆ, ತಪ್ಪಿದ್ದು ಕಡಿಮೆ; ಛೇದ, ಅಂದರೆ ಕೆಳಗಿನ ಸಂಖ್ಯೆ, ತಪ್ಪಿದ್ದೇ ಜಾಸ್ತಿ. ಆದ್ದರಿಂದ ಮಗಳಿಗೆ ಒಂದೇ ಅಭ್ಯಾಸ ಮಾಡಿಸಿ: ಛೇದ ಮೊದಲು. ಪ್ರಶ್ನೆ ಏನು ಕೇಳಿದೆ ಎಂದು ನೋಡುವ ಮುಂಚೆಯೇ ಏನೇನು ಆಗಬಹುದು ಎಂದು ಪೂರ್ತಿ ಪಟ್ಟಿ ಬರೆಯಬೇಕು. ಪಟ್ಟಿಯ ಪ್ರತಿ ಸಾಲಿಗೂ ಒಂದೇ ತೂಕ ಇದೆಯಾ ಎಂದು ಕೇಳಿಕೊಳ್ಳಬೇಕು. ಆಮೇಲೆ ಪ್ರಶ್ನೆಗೆ ಹೊಂದುವ ಸಾಲುಗಳಿಗೆ ಗುರುತು ಹಾಕಿ ಎಣಿಸಬೇಕು. ಭಾಗಿಸುವುದು ಕೊನೆಗೆ.

ಈಗ ದಲಾಂಬೇರನ ಲೆಕ್ಕ. ಒಂದು ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ ಎಷ್ಟು ಎಂಬುದು ಪ್ರಶ್ನೆ. ಅವನು ಹೇಳಿದ್ದು ಹೀಗೆ: ಮೊದಲ ಸಲವೇ ಶಿರ ಬಿದ್ದರೆ ಆಟ ಮುಗಿಯಿತು, ಎರಡನೆಯ ಸಲ ಚಿಮ್ಮುವುದೇ ಬೇಡ. ಹಾಗಾಗಿ ಇರುವುದು ಮೂರೇ ಬಗೆ. ಮೊದಲೇ ಶಿರ; ಮೊದಲು ಪುಚ್ಛ ಆಮೇಲೆ ಶಿರ; ಎರಡೂ ಪುಚ್ಛ. ಮೂರರಲ್ಲಿ ಎರಡು ಗೆಲುವು, ಉತ್ತರ 2/3. ಕೇಳಲು ಚೆನ್ನಾಗಿದೆ. ಆದರೆ "ಮೊದಲೇ ಶಿರ" ಎಂಬ ಸಾಲಿನ ತೂಕ 1/2. ಉಳಿದ ಎರಡು ಸಾಲುಗಳ ತೂಕ ತಲಾ 1/4. ಗೆಲುವು 1/2 + 1/4 = 3/4. ನಿಮ್ಮ ಮಗಳು ಎರಡು ಸಾಲನ್ನು ಸೇರಿಸಿ ಒಂದು ಮಾಡಿದಳು, ಅವನೂ ಎರಡು ಸಾಲನ್ನು ಸೇರಿಸಿ ಒಂದು ಮಾಡಿದ. ತಪ್ಪು ಒಂದೇ ಜಾತಿಯದ್ದು.

ಎರಡು ದಾಳಗಳ ಲೆಕ್ಕದಲ್ಲೂ ಇದೇ ಬಲೆ ಇದೆ. ಎರಡು ದಾಳ ಎಸೆದಾಗ ಮೊತ್ತ 2ರಿಂದ 12ರವರೆಗೆ ಬರುತ್ತದೆ. ಅಂದರೆ 11 ಬಗೆ. ಹಾಗಾದರೆ ಮೊತ್ತ 7 ಬರುವ ಸಂಭವನೀಯತೆ 1/11 ಎಂದು ಬರೆಯುವ ಮಕ್ಕಳಿದ್ದಾರೆ. ಇಲ್ಲೂ ಚುಕ್ಕೆಯ ಉಪಾಯವೇ. ಒಂದು ದಾಳ ಕೆಂಪು, ಒಂದು ಬಿಳಿ ಅಂದುಕೊಳ್ಳಿ. ಕೆಂಪಿಗೆ 6, ಅದರ ಒಂದೊಂದಕ್ಕೂ ಬಿಳಿಗೆ 6. ಒಟ್ಟು 36. ಹಾಳೆಯ ಮೇಲೆ 6 ಸಾಲು, 6 ಕಂಬದ ಚೌಕ ಬರೆಸಿ, ಪ್ರತಿ ಮನೆಯಲ್ಲೂ ಮೊತ್ತ ಬರೆಸಿ. ಏಳು ಎಲ್ಲೆಲ್ಲಿದೆ ಎಂದು ಸುತ್ತು ಹಾಕಿದರೆ ಮೂಲೆಯಿಂದ ಮೂಲೆಗೆ ಓರೆಯಾಗಿ 6 ಮನೆ ಸಿಗುತ್ತದೆ. 6/36, ಅಂದರೆ 1/6. ಹನ್ನೊಂದು ಎರಡು ಮನೆಯಲ್ಲಿದೆ: ಕೆಂಪು 5 ಬಿಳಿ 6, ಕೆಂಪು 6 ಬಿಳಿ 5. ಹನ್ನೆರಡು ಒಂದೇ ಮನೆಯಲ್ಲಿದೆ. ಹನ್ನೊಂದೂ ಹನ್ನೆರಡೂ ಸಮ ಎಂದು ಲೈಬ್ನಿಟ್ಸ್ ಅಂಥ ಗಣಿತಜ್ಞನೇ ಒಮ್ಮೆ ಬರೆದಿದ್ದ.

ಅವನಿಗಿಂತ ಮುಂಚೆಯೇ ಗೆಲಿಲಿಯೋ ಮುಂದೆ ಇನ್ನೂ ಸೊಗಸಾದ ಪ್ರಶ್ನೆ ಬಂದಿತ್ತು. ಮೂರು ದಾಳ ಎಸೆದರೆ 9 ಬರಲು ಆರು ಜೋಡಣೆ, 10 ಬರಲೂ ಆರೇ ಜೋಡಣೆ. ಆದರೂ 10 ಸ್ವಲ್ಪ ಜಾಸ್ತಿ ಬೀಳುತ್ತದೆ ಎಂದು ಜೂಜಾಡುವವರಿಗೆ ಅನುಭವದಿಂದ ಗೊತ್ತಿತ್ತು. ಯಾಕೆ? ಗೆಲಿಲಿಯೋ ಒಂದೊಂದೇ ಎಣಿಸಿದ. 1, 2, 6 ಎಂಬ ಜೋಡಣೆ ಆರು ರೀತಿಯಲ್ಲಿ ಬೀಳಬಹುದು. 1, 4, 4 ಮೂರೇ ರೀತಿಯಲ್ಲಿ. 3, 3, 3 ಒಂದೇ ರೀತಿಯಲ್ಲಿ. ಹೀಗೆ ಎಣಿಸಿದರೆ 216ರಲ್ಲಿ 9ಕ್ಕೆ 25, 10ಕ್ಕೆ 27. ಇಷ್ಟು ಸಣ್ಣ ವ್ಯತ್ಯಾಸವನ್ನು ಆಟಗಾರರು ಬರೀ ಆಡಿ ಆಡಿ ಕಂಡುಕೊಂಡಿದ್ದರು ಎಂಬುದು ನನಗೆ ಇವತ್ತಿಗೂ ಅಚ್ಚರಿ.

ನಮ್ಮ ಮನೆಗಳ ಆಟಕ್ಕೇ ಬರೋಣ. ಚೌಕಾಬಾರ ಆಡಿದ್ದೀರಲ್ಲ? ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬೀಳುತ್ತದೋ ಅಷ್ಟು ಮನೆ. ನಾಲ್ಕೂ ಬಾಯಿ ಮೇಲಾದರೆ ಚೌಕ, 4. ನಾಲ್ಕೂ ಮಗುಚಿ ಬಿದ್ದರೆ ಬಾರ, 8. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಆಟ. ಒಂದೊಂದು ಎಸೆತದಲ್ಲಿ ಆ ಇನ್ನೊಂದು ಆಟ ಸಿಗುವ ಸಂಭವನೀಯತೆ ಎಷ್ಟು? ಬೀಳಬಹುದಾದ್ದು 1, 2, 3, 4, 8 ಎಂದು ಐದು ಬಗೆ. ಹಾಗಾಗಿ 2/5 ಎಂದರೆ ಮತ್ತೆ ಅದೇ ತಪ್ಪು. ಆಡಿದವರಿಗೆ ಗೊತ್ತು, ಬಾರ ಅಷ್ಟು ಸುಲಭವಾಗಿ ಬೀಳುವುದಿಲ್ಲ.

ಕವಡೆಯನ್ನು ಸದ್ಯಕ್ಕೆ ನಾಣ್ಯದ ಹಾಗೆ ಎರಡು ಕಡೆಗೂ ಸಮವಾಗಿ ಬೀಳುತ್ತದೆ ಅಂದುಕೊಳ್ಳೋಣ. ಪ್ರತಿ ಕವಡೆಗೆ 2 ಬಗೆ, ನಾಲ್ಕಕ್ಕೆ 2 × 2 × 2 × 2 = 16. ಇದು ಛೇದ. ನಾಲ್ಕೂ ಮಗುಚುವುದು 1 ರೀತಿ. ಒಂದೇ ಬಾಯಿ ಮೇಲಾಗುವುದು 4 ರೀತಿ, ಯಾಕೆಂದರೆ ಆ ಒಂದು ಕವಡೆ ನಾಲ್ಕರಲ್ಲಿ ಯಾವುದಾದರೂ ಆಗಬಹುದು. ಎರಡು ಮೇಲಾಗುವುದು 6 ರೀತಿ, ಮೂರು 4 ರೀತಿ, ನಾಲ್ಕೂ 1 ರೀತಿ. ಕೂಡಿ ನೋಡಿ: 1 + 4 + 6 + 4 + 1 = 16. ಒಂದೂ ತಪ್ಪಿಹೋಗಿಲ್ಲ. ಇನ್ನೊಂದು ಆಟ ಸಿಗುವುದು 2/16, ಅಂದರೆ 1/8. ಎಂಟು ಸಲಕ್ಕೆ ಸರಾಸರಿ ಒಂದು ಸಲ.

ಆದರೆ ನಿಜವಾದ ಕವಡೆ ನಾಣ್ಯದ ಹಾಗಲ್ಲ. ಬೆನ್ನು ಉಬ್ಬಿದೆ, ಬಾಯಿಯ ಕಡೆ ಚಪ್ಪಟೆ. ಎರಡು ಕಡೆಗೂ ಸಮವಾಗಿ ಬೀಳಬೇಕೆಂಬ ನಿಯಮ ಅದಕ್ಕಿಲ್ಲ. ಒಡೆದ ಹುಣಸೆಬೀಜದಲ್ಲಿ ಆಡುವವರಿಗೂ ಇದೇ ಮಾತು. ಇಂಥ ಕಡೆ ಎಣಿಸಿ ಛೇದ ಹೇಳಲು ಬರುವುದಿಲ್ಲ, ಎಸೆದೇ ನೋಡಬೇಕು. ಒಂದು ಕವಡೆಯನ್ನು 200 ಸಲ ಎಸೆಯಿರಿ. ಉದಾಹರಣೆಗೆ 120 ಸಲ ಬಾಯಿ ಮೇಲಾಯಿತು ಎಂದಿಟ್ಟುಕೊಳ್ಳಿ. 120/200, ಅಂದರೆ 0.6. ಪುಸ್ತಕದಲ್ಲಿ ಪ್ರಾಯೋಗಿಕ ಸಂಭವನೀಯತೆ ಎನ್ನುವುದು ಇದನ್ನೇ. ನಾಲ್ಕೂ ಅಂಥದ್ದೇ ಕವಡೆಯಾದರೆ ಚೌಕ ಬೀಳುವುದು 0.6 × 0.6 × 0.6 × 0.6 = 0.1296. ಬಾರ ಬೀಳುವುದು 0.4 × 0.4 × 0.4 × 0.4 = 0.0256. ಎರಡೂ ಸೇರಿ 0.1552, 1/8ಕ್ಕಿಂತ ಜಾಸ್ತಿ. ಅದಕ್ಕಿಂತ ಮುಖ್ಯವಾಗಿ, ಚೌಕ ಈಗ ಬಾರದ ಐದು ಪಟ್ಟಾಯಿತು. ಕವಡೆಯ ಸ್ವಭಾವ ಇಷ್ಟೇ ಇಷ್ಟು ವಾಲಿದರೆ ಆಟ ಅಷ್ಟು ಬದಲಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ "ಪಕ್ಷಪಾತವಿಲ್ಲದ ನಾಣ್ಯ" ಎಂದು ಬರೆಯುವುದು ಅಲಂಕಾರಕ್ಕಲ್ಲ. ಆ ಒಂದು ಮಾತು ಇಲ್ಲದಿದ್ದರೆ ಲೆಕ್ಕ ಮಾಡಲಿಕ್ಕೇ ಆಗುವುದಿಲ್ಲ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಕೂಡುವುದು ಯಾವಾಗ, ಗುಣಿಸುವುದು ಯಾವಾಗ. ಮೇಲಿನ ಲೆಕ್ಕದಲ್ಲೇ ಎರಡನ್ನೂ ಮಾಡಿಬಿಟ್ಟೆವು. ನಿಧಾನವಾಗಿ ನೋಡೋಣ. ಒಂದು ಚೀಲದಲ್ಲಿ 5 ಕೆಂಪು ಗೋಲಿ, 3 ಬಿಳಿ ಗೋಲಿ ಇವೆ. ಕಣ್ಣು ಮುಚ್ಚಿ ಒಂದು ತೆಗೆದರೆ ಕೆಂಪು ಸಿಗುವುದು 5/8. ಅದನ್ನು ವಾಪಸ್ ಹಾಕದೆ ಇನ್ನೊಂದು ತೆಗೆದರೆ? ಎರಡೂ ಕೆಂಪಾಗುವ ಸಂಭವನೀಯತೆ ಎಷ್ಟು?

ಮೊದಲನೆಯದು ಕೆಂಪು, 5/8. ಈಗ ಚೀಲದೊಳಗೆ ಕೈ ಹಾಕುವ ಮುಂಚೆ ಮತ್ತೆ ಛೇದ ನೋಡಿ. ಉಳಿದಿರುವುದು 7 ಗೋಲಿ, ಅದರಲ್ಲಿ ಕೆಂಪು 4. ಎರಡನೆಯದೂ ಕೆಂಪಾಗುವುದು 4/7. ಮೊದಲು ಹೀಗಾಗಿ, ಆಮೇಲೆ ಹಾಗೂ ಆಗಬೇಕು ಎಂದಾಗ ಗುಣಿಸುತ್ತೇವೆ: 5/8 × 4/7 = 20/56, ಅಂದರೆ 5/14. ಯಾಕೆ ಗುಣಿಸುವುದು? ಮೊದಲ ಗೋಲಿಗೆ 8 ದಾರಿ, ಪ್ರತಿ ದಾರಿಯೂ ಮುಂದೆ 7 ಕವಲಾಗಿ ಒಡೆಯುತ್ತದೆ. ಒಟ್ಟು 56 ಕವಲು. ಅದರಲ್ಲಿ 5 × 4 = 20 ಕವಲುಗಳಲ್ಲಿ ಎರಡೂ ಕೆಂಪು. ದಾಳದ 36 ಮನೆ ಬಂದದ್ದೂ ಹೀಗೇ ಅಲ್ವಾ? ಗುಣಾಕಾರ ಅಂದರೆ ಪಟ್ಟಿ ಬರೆಯದೆ ಪಟ್ಟಿ ಎಣಿಸುವುದು, ಅಷ್ಟೇ.

ಗೋಲಿಯನ್ನು ವಾಪಸ್ ಹಾಕಿ ತೆಗೆದರೆ 5/8 × 5/8 = 25/64. ಆದ್ದರಿಂದ ಪ್ರಶ್ನೆಯಲ್ಲಿ "ಮರಳಿ ಇಡದೆ" ಎಂದಿದೆಯಾ, "ಮರಳಿ ಇಟ್ಟು" ಎಂದಿದೆಯಾ ಎಂದು ಎರಡು ಸಲ ಓದಿಸಿ.

ಒಂದು ಕೆಂಪು, ಒಂದು ಬಿಳಿ ಬೇಕು ಅಂದರೆ? ಅದು ಎರಡು ದಾರಿಯಲ್ಲಿ ಆಗಬಹುದು. ಕೆಂಪು ಆಮೇಲೆ ಬಿಳಿ: 5/8 × 3/7 = 15/56. ಇಲ್ಲವೇ ಬಿಳಿ ಆಮೇಲೆ ಕೆಂಪು: 3/8 × 5/7 = 15/56. ಇದಾದರೂ ಸರಿ, ಅದಾದರೂ ಸರಿ ಎಂದಾಗ ಕೂಡುತ್ತೇವೆ: 30/56. ಎರಡೂ ಬಿಳಿಯಾಗುವುದು 3/8 × 2/7 = 6/56. ಈಗ ತಾಳೆ ನೋಡಿ: 20 + 30 + 6 = 56. ಒಟ್ಟು 1 ಬಂತು. ಈ ತಾಳೆ ನೋಡುವ ಚಾಳಿ ಒಂದು ಅಂಟಿಕೊಂಡರೆ ಮಗಳು ತನ್ನ ತಪ್ಪನ್ನು ತಾನೇ ಹಿಡಿಯುತ್ತಾಳೆ. ಮೊತ್ತ 1 ಬರದಿದ್ದರೆ ಎಲ್ಲೋ ಒಂದು ದಾರಿ ಬಿಟ್ಟುಹೋಗಿದೆ, ಇಲ್ಲವೇ ಒಂದನ್ನು ಎರಡು ಸಲ ಎಣಿಸಿದ್ದೇವೆ.

ಎರಡು ಸಲ ಎಣಿಸುವ ಅಪಾಯ ಕೂಡುವಾಗಲೇ ಬರುವುದು. ಇಸ್ಪೀಟಿನ ಕಟ್ಟಿನಿಂದ ಒಂದು ಎಲೆ ಎತ್ತಿದರೆ ಅದು ರಾಜ ಇಲ್ಲವೇ ಆಟಿನ್ ಆಗುವ ಸಂಭವನೀಯತೆ ಎಷ್ಟು? ರಾಜ 4, ಆಟಿನ್ 13, ಒಟ್ಟು 17 ಎಂದು ಬರೆದರೆ ಆಟಿನ್ ರಾಜನನ್ನು ಎರಡು ಸಲ ಎಣಿಸಿದ ಹಾಗೆ. ಒಂದನ್ನು ಕಳೆದರೆ 16. ಉತ್ತರ 16/52, ಅಂದರೆ 4/13. ಇಲ್ಲೊಂದು ಮಾತು. ಎಷ್ಟೋ ಮಕ್ಕಳು ಇಸ್ಪೀಟನ್ನು ಕೈಯಲ್ಲಿ ಹಿಡಿದೇ ಇರುವುದಿಲ್ಲ. 52 ಎಲೆ, ನಾಲ್ಕು ಬಗೆ, ಬಗೆಗೆ 13, ರಾಜ ರಾಣಿ ಗುಲಾಮ ಸೇರಿ 12 ಮುಖಚಿತ್ರದ ಎಲೆ ಎಂಬುದೇ ಗೊತ್ತಿಲ್ಲದ ಮಗು ಗಣಿತದಲ್ಲಿ ದಡ್ಡ ಅಲ್ಲ. ಒಂದು ಕಟ್ಟು ತಂದು ನೆಲದ ಮೇಲೆ ನಾಲ್ಕು ಸಾಲಾಗಿ ಹರಡಿಸಿ. ಅರ್ಧ ಗಂಟೆಯಲ್ಲಿ ಆ ಭಯ ಹೋಗುತ್ತದೆ.

ಪ್ರಶ್ನೆಯಲ್ಲಿ "ಕನಿಷ್ಠ ಒಂದು" ಎಂದು ಕಂಡರೆ ಬೇರೆ ದಾರಿ ಹಿಡಿಯಿರಿ. ಉಲ್ಟಾ ಎಣಿಸಿ. ಲೂಡೋ ಆಡುವಾಗ ಕಾಯಿ ಹೊರಗೆ ತರಲು 6 ಬೀಳಬೇಕು. ನಾಲ್ಕು ಸಲ ದಾಳ ಹಾಕಿದರೆ ಒಮ್ಮೆಯಾದರೂ 6 ಬೀಳುವ ಸಂಭವನೀಯತೆ ಎಷ್ಟು? ಒಂದು ಸಲಕ್ಕೆ 1/6, ನಾಲ್ಕು ಸಲಕ್ಕೆ 4/6 ಎನ್ನಬೇಕೆನಿಸುತ್ತದೆ. ಆದರೆ ಅದೇ ಲೆಕ್ಕದಲ್ಲಿ ಆರು ಸಲಕ್ಕೆ 6/6 ಆಗುತ್ತದೆ, ಅಂದರೆ 6 ಬಿದ್ದೇ ಬೀಳಬೇಕು. ಹತ್ತು ಸಲ ಹಾಕಿದರೂ 6 ಬೀಳದೆ ಕೂತ ಮಕ್ಕಳನ್ನು ಕೇಳಿ ನೋಡಿ! ಇಲ್ಲಿ ಕೂಡುವುದು ತಪ್ಪು, ಯಾಕೆಂದರೆ ಮೊದಲ ಸಲವೂ 6, ಮೂರನೆಯ ಸಲವೂ 6 ಬೀಳಬಹುದು. ಅದೇ ಆಟಿನ್ ರಾಜನ ಕಥೆ.

6 ಬೀಳದೇ ಇರುವುದನ್ನು ಎಣಿಸುವುದು ಸುಲಭ. ಒಂದು ಸಲ ಬೀಳದಿರುವುದು 5/6. ನಾಲ್ಕು ಸಲವೂ ಬೀಳದಿರುವುದು 5/6 × 5/6 × 5/6 × 5/6 = 625/1296. ಅದನ್ನು 1ರಿಂದ ಕಳೆಯಿರಿ: 671/1296, ಸುಮಾರು 0.518. ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ಎರಡು ದಾಳವನ್ನು 24 ಸಲ ಹಾಕಿ ಒಮ್ಮೆಯಾದರೂ ಎರಡರಲ್ಲೂ 6 ಬೀಳುವುದು ಸುಮಾರು 0.491, ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಈ ಎರಡರ ವ್ಯತ್ಯಾಸ ಯಾಕೆ ಎಂದು ಫ್ರಾನ್ಸಿನ ಶೆವಲಿಯೆ ದ ಮೆರೆ ಎಂಬವನು ಕೇಳಿದ್ದ. ಅವನ ಪ್ರಶ್ನೆಗಳನ್ನು ಇಟ್ಟುಕೊಂಡು 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬ ಗಣಿತಜ್ಞರು ಪತ್ರ ಬರೆದುಕೊಂಡರು. ಸಂಭವನೀಯತೆಯ ಗಣಿತಕ್ಕೆ ಗಟ್ಟಿ ಬುನಾದಿ ಬಿದ್ದದ್ದು ಆ ಪತ್ರಗಳಲ್ಲಿ.

ಇನ್ನೊಂದು ಪ್ರಶ್ನೆ ಹತ್ತನೇ ತರಗತಿಯವರಿಗೆ ಪದೇ ಪದೇ ಬರುತ್ತದೆ: ಅಧಿಕ ವರ್ಷದಲ್ಲಿ 53 ಭಾನುವಾರ ಇರುವ ಸಂಭವನೀಯತೆ ಎಷ್ಟು? ಮಕ್ಕಳು 366 ನೋಡಿದ ಕೂಡಲೇ ಅದನ್ನೇ ಛೇದ ಮಾಡುತ್ತಾರೆ. ಇಲ್ಲಿ ಏನು ಬದಲಾಗಬಹುದು ಎಂದು ಕೇಳಿಕೊಳ್ಳಬೇಕು. 366 ದಿನ ಎಂದರೆ 52 ವಾರ, ಮೇಲೆ 2 ದಿನ. 52 ಭಾನುವಾರ ಹೇಗೂ ಇದೆ. ಉಳಿದ ಎರಡು ದಿನಗಳು ಮಾತ್ರ ಬದಲಾಗುತ್ತವೆ: ಭಾನು-ಸೋಮ, ಸೋಮ-ಮಂಗಳ, ಹೀಗೆ ಶನಿ-ಭಾನುವರೆಗೆ 7 ಜೋಡಿ. ಭಾನುವಾರ ಇರುವುದು ಎರಡರಲ್ಲಿ. ಉತ್ತರ 2/7. ಪರೀಕ್ಷೆಯಲ್ಲಿ ಇದನ್ನೇ ಬರೆಯಬೇಕು. ಮಗಳಿಗೆ ಆಸಕ್ತಿ ಇದ್ದರೆ ಇದನ್ನೂ ಹೇಳಿ: ನಮ್ಮ ಕ್ಯಾಲೆಂಡರ್ 400 ವರ್ಷಕ್ಕೊಮ್ಮೆ ವಾರದ ಸಮೇತ ಮರುಕಳಿಸುತ್ತದೆ, ಅಷ್ಟರಲ್ಲಿ 97 ಅಧಿಕ ವರ್ಷ ಬರುತ್ತವೆ. 97ನ್ನು 7ರಿಂದ ಸಮವಾಗಿ ಭಾಗಿಸಲು ಆಗುವುದಿಲ್ಲ. ಹಾಗಾಗಿ ಆ 7 ಜೋಡಿಗಳ ತೂಕ ನಿಜವಾಗಿ ಪೂರ್ತಿ ಸಮ ಇಲ್ಲ, 2/7 ತೀರಾ ಹತ್ತಿರದ ಉತ್ತರ. "ಸಮ ಅಂತ ಯಾಕೆ ಅಂದುಕೊಂಡೆವು?" ಎಂದು ಅವಳೇ ಕೇಳುವ ದಿನ ಬಂದರೆ ನನಗೆ ಬರೆದು ತಿಳಿಸಿ, ಖುಷಿಪಡುತ್ತೇನೆ.

ಭಾನುವಾರ ಇಬ್ಬರೂ ಕೂತು ಈ ಮೂರನ್ನು ಮಾಡಿ. ಪ್ರತಿಯೊಂದಕ್ಕೂ ಮೊದಲು ಪಟ್ಟಿ, ಆಮೇಲೆ ಉತ್ತರ. ಮೂರು ನಾಣ್ಯ ಚಿಮ್ಮಿದಾಗ ಸರಿಯಾಗಿ ಎರಡು ಶಿರ ಬೀಳುವ ಸಂಭವನೀಯತೆ ಎಷ್ಟು? ಮೂರು ನಾಣ್ಯದಲ್ಲಿ ಕನಿಷ್ಠ ಒಂದು ಶಿರ? ಎರಡು ದಾಳ ಹಾಕಿದಾಗ ಎರಡರಲ್ಲೂ ಒಂದೇ ಸಂಖ್ಯೆ ಬೀಳುವುದು? ಉತ್ತರಗಳು 3/8, 7/8, 1/6. ಮೊದಲನೆಯದಕ್ಕೆ ಅವಳು 1/4 ಎಂದರೆ ಮೂರು ನಾಣ್ಯಕ್ಕೂ ಬೇರೆ ಬೇರೆ ಬಣ್ಣದ ಚುಕ್ಕೆ ಇಡಿಸಿ, ಮತ್ತೊಮ್ಮೆ ಪಟ್ಟಿ ಬರೆಸಿ.